ನನ್ನ ತಮ್ಮನಿಗೊಂದು ಮತ

ನನ್ನ ತಮ್ಮ ಫುಟ್‌ಬಾಲ್ ಆಟಗಾರ ಎಂದು ಹೇಳಿದರೆ ನಮ್ಮ ಕಡೆಯವರು ಮೊದಲು ಕೇಳುವುದು, "ಅದ್ ಸಮ, ಕೆಲ್ಸ ಎಂತ?" ಎಂದು. ಅದೇ ಅವನ ಕೆಲಸ, ಹೊರರಾಜ್ಯದ ಒಂದು ಕ್ಲಬ್ಬಿನಲ್ಲಿ ಸಂಬಳಕ್ಕೆ ಆಡುತ್ತಾನೆ, ಟಿ.ವಿ.ಯಲ್ಲೂ ಬರುತ್ತಾನೆ ಎಂದು ವಿವರಿಸಿದರೆ ಎರಡನೆಯ ಪ್ರಶ್ನೆ ಬರುತ್ತದೆ: "ಎಷ್ಟ್ ಗೋಲ್ ಹೊಡ್ದಿದ್ದ?"

ಇದಕ್ಕೆ ಉತ್ತರ ಕೊಡುವಾಗ ನನಗೆ ಯಾವಾಗಲೂ ನಾಲಿಗೆ ತಡವರಿಸುತ್ತದೆ. ಅವನು ಮಿಡ್‌ಫೀಲ್ಡರ್. ಮೈದಾನದ ನಡುವೆ ಓಡಾಡುತ್ತ, ಎದುರಾಳಿಯ ಕಾಲಿನಿಂದ ಚೆಂಡು ಬಿಡಿಸಿ, ಮುಂದಿನವನಿಗೆ ಮುಟ್ಟಿಸುವವನು. ಗೋಲು ಹೊಡೆಯುವವನು ಬೇರೆ. ನಮ್ಮ ಅಪ್ಪಯ್ಯ ಬದುಕಿದ್ದಾಗ ಇದನ್ನು ಜನರಿಗೆ ಸುಲಭವಾಗಿ ಹೇಳುತ್ತಿದ್ದರು. ಅವರು ಮುಂಬಯಿಯ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದವರು. "ಹೋಟ್ಲಂಗೆ ಸಪ್ಲಾಯರ್ ಇರ್ತ ಅಲ್ದಾ? ಹಾಂಗೆ. ಅಡ್ಗಿ ಮಾಡಿದವ್ನಿಗ್ ಹೆಸ್ರ್, ಉಂಡವ್ನಿಗ್ ಹೊಟ್ಟಿ ತುಂಬ್ತ್, ನಮ್ ಮಾಣಿಗ್ ಓಡಾಟ" ಎಂದು ನಗುತ್ತಿದ್ದರು.

ತಮ್ಮ ಹತ್ತು ವರ್ಷದವನಾಗುವವರೆಗೆ ನಾವು ಮುಂಬಯಿಯಲ್ಲಿದ್ದೆವು. ಅಲ್ಲಿ ಚಾಳಿನ ಹಿಂದಿನ ಅಂಗಳದಲ್ಲಿ ಅವನು ಫುಟ್‌ಬಾಲ್ ಕಲಿತ. ಅಪ್ಪಯ್ಯನ ಆರೋಗ್ಯ ಕೆಟ್ಟು ಊರಿಗೆ ಬಂದಮೇಲೆ ಕಿರಿಮಂಜೇಶ್ವರದಲ್ಲಿ ಅವನ ಜೊತೆ ಆಡುವವರು ಯಾರೂ ಇರಲಿಲ್ಲ. ಎಲ್ಲರಿಗೂ ಕ್ರಿಕೆಟ್, ಇಲ್ಲವೆಂದರೆ ವಾಲಿಬಾಲ್, ಕಬಡ್ಡಿ. ಅವನು ಸೈಕಲ್ ತುಳಿದುಕೊಂಡು ಗಂಗೊಳ್ಳಿಯವರೆಗೆ ಹೋಗಿ ಅಲ್ಲಿಯ ಹುಡುಗರ ಜೊತೆ ಆಡಿ ಬರುತ್ತಿದ್ದ. ಹದಿನಾರಕ್ಕೆ ಬೆಂಗಳೂರಿನ ತರಬೇತಿ ಶಿಬಿರ, ಇಪ್ಪತ್ತೊಂದಕ್ಕೆ ದೊಡ್ಡ ಕ್ಲಬ್ಬು. ಇದಿಷ್ಟನ್ನೂ ಅವನು ಒಬ್ಬನೇ ಮಾಡಿಕೊಂಡ. ನಾವು ಮಾಡಿದ್ದು ಏನೂ ಇಲ್ಲ. ಒಂದೇ ಒಂದು ಸಲ ನಾನು ಅವನಿಗಾಗಿ ಏನೋ ಮಾಡಲು ಹೋದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕ್ಲಬ್ಬಿನಲ್ಲಿ ಅವನಿಗೆ ಒಬ್ಬ ಗೆಳೆಯನಿದ್ದ. ಒಂದೇ ವರ್ಷ ಸೇರಿದವರು, ಒಂದೇ ವಯಸ್ಸು, ಒಂದೇ ಕೋಣೆ. ಅವನೂ ಮಿಡ್‌ಫೀಲ್ಡರೇ. ಉತ್ತರದ ಯಾವುದೋ ಊರಿನವನು, ಕೂದಲಿಗೆ ಜೇನಿನ ಬಣ್ಣ ಹಾಕಿಸಿಕೊಂಡಿದ್ದ, ಆಟ ಗೆದ್ದರೆ ಮೈದಾನದಲ್ಲೇ ಕುಣಿಯುತ್ತಿದ್ದ. ಅವನು ಕುಣಿದದ್ದನ್ನು ನೋಡಲಿಕ್ಕೆಂದೇ ಲಕ್ಷಗಟ್ಟಲೆ ಜನ ಫೋನಿನಲ್ಲಿ ಅವನ ಹಿಂದೆ ಬಿದ್ದಿದ್ದರು. ಒಂದು ಬಿಸ್ಕತ್ತಿನ ಜಾಹೀರಾತಿನಲ್ಲೂ ಬಂದ. ಆಟದ ವಿಷಯದಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ ಎಂದು ತಮ್ಮನೇ ಹೇಳುತ್ತಿದ್ದ. ಕೋಚ್ ಮಾತ್ರ ನನ್ನ ತಮ್ಮನನ್ನು ಒಂದು ಆಟಕ್ಕೂ ಹೊರಗೆ ಕೂರಿಸುತ್ತಿರಲಿಲ್ಲ. ಆದರೆ ಕ್ಲಬ್ಬಿನ ಅಂಗಿಯ ಮೇಲೆ ತಮ್ಮನ ಹೆಸರು ಹಾಕಿಸಿಕೊಂಡು ಬಂದವರನ್ನು ನಾನು ಟಿ.ವಿ.ಯಲ್ಲಿ ಒಮ್ಮೆಯೂ ಕಾಣಲಿಲ್ಲ. ಕ್ಯಾಮೆರಾ ಜನರ ಕಡೆ ತಿರುಗಿದಾಗೆಲ್ಲ ನಾನು ಅದನ್ನೇ ಹುಡುಕುತ್ತಿದ್ದೆ.

ಎರಡು ವರ್ಷದ ಹಿಂದೆ ಡಿಸೆಂಬರ್ ರಜೆಯಲ್ಲಿ ಇಬ್ಬರೂ ಒಟ್ಟಿಗೆ ಊರಿಗೆ ಬಂದರು. ಕುಂದಾಪುರದ ಒಂದು ಯುವಕ ಸಂಘದವರು ಅವರನ್ನು ಪಂದ್ಯ ಉದ್ಘಾಟನೆಗೆ ಕರೆದರು. ಅಮ್ಮ, ನಾನು, ನನ್ನ ಗಂಡ ಮೂವರೂ ಹೋಗಿದ್ದೆವು. ಅಮ್ಮ ಪೆಟ್ಟಿಗೆಯಲ್ಲಿಟ್ಟಿದ್ದ ರೇಷ್ಮೆ ಸೀರೆ ಉಟ್ಟಿದ್ದರು. ಮೈಕಿನವನು ಗೆಳೆಯನ ಬಗ್ಗೆ ಐದು ನಿಮಿಷ ಮಾತಾಡಿ ಕೊನೆಗೆ, "ಹಾಗೇ ನಮ್ಮೂರಿನವರೇ ಆದ ಇನ್ನೊಬ್ಬ ಆಟಗಾರರು ನಮ್ಮೊಂದಿಗಿದ್ದಾರೆ" ಎಂದ. ಜನ ಚಪ್ಪಾಳೆ ತಟ್ಟಿದರು. ಅಮ್ಮನಿಗೆ ಅಷ್ಟರಿಂದಲೇ ಸಂತೋಷವಾಯಿತು.

ವೇದಿಕೆ ಇಳಿದ ಕೂಡಲೇ ಜನ ಮುತ್ತಿದರು. "ಬಿಸ್ಕತ್ತಿನ ಮಾಣಿ, ಬಿಸ್ಕತ್ತಿನ ಮಾಣಿ" ಎಂದು ಹೆಂಗಸರು ಮಕ್ಕಳನ್ನು ಎಳೆದುಕೊಂಡು ಬಂದರು. ಬದಿಗೆ ನಿಂತಿದ್ದ ನನ್ನ ತಮ್ಮನ ಕೈಗೆ ಒಬ್ಬರು ತಮ್ಮ ಫೋನ್ ಕೊಟ್ಟು, "ಹ್ವಾಯ್, ನಮ್ದೊಂದ್ ಫೋಟೊ ತೆಗ್ದ್ ಕೊಡಿ ಕಾಂಬ" ಎಂದರು.

ತಮ್ಮ ತೆಗೆದುಕೊಟ್ಟ. "ಒಂಚೂರ್ ಹತ್ರ ನಿಲ್ಲಿ" ಎಂದು ಹೇಳಿ ಎರಡು ಸಲ ತೆಗೆದ. ಅದನ್ನು ಕಂಡು ಹಿಂದಿನವರೂ ಫೋನ್ ಚಾಚಿದರು. ಗೆಳೆಯನಿಗೆ ಅದು ಹೇಗೋ ಗೊತ್ತಾಗಿ, ತಮ್ಮನ ಕೈ ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡ. ಆಗ ಸಾಲಿನಲ್ಲಿದ್ದ ಹೆಂಗಸೊಬ್ಬರು, "ಅಯ್ಯೊ, ಅವ್ರ್ ಅಲ್ಲ್ ನಿಂತ್ರೆ ಫೋಟೊ ತೆಗುದ್ ಯಾರ್?" ಎಂದರು. ಅವರ ತಪ್ಪಿಲ್ಲ. ಅವರಿಗೆ ಗೊತ್ತಿರಲಿಲ್ಲ.

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದರು. ಮನೆಗೆ ಬಂದಮೇಲೆ ಅಮ್ಮ ಇಬ್ಬರಿಗೂ ಕೋಳಿ ಸುಕ್ಕ ಬಡಿಸಿದರು. ಗೆಳೆಯನಿಗೇ ಎರಡು ತುಂಡು ಹೆಚ್ಚು ಹಾಕಿದರು. "ಆ ಮಾಣಿದ್ ಎಂತ ತಪ್ಪಿತ್ತ್?" ಎಂದರು ನನಗೆ ಒಳಗೆ ಬಂದು. ನಾನೇನೂ ಹೇಳಿರಲಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ, ಆಟದ ಋತು ಮುಗಿಯಲು ಇನ್ನೂ ಸ್ವಲ್ಪ ದಿನ ಇರುವಾಗ, ಕ್ಲಬ್ಬಿನ ಪುಟದಲ್ಲಿ ಒಂದು ಮತದಾನ ಹಾಕಿದರು. ಅಭಿಮಾನಿಗಳ ಮೆಚ್ಚಿನ ಮಿಡ್‌ಫೀಲ್ಡರ್ ಯಾರು ಎಂದು. ನಾಲ್ವರ ಫೋಟೊ, ಒಂದು ವಾರದ ಅವಕಾಶ. ಗೆದ್ದವನ ದೊಡ್ಡ ಚಿತ್ರ ಮುಂದಿನ ವರ್ಷ ಮೈದಾನದ ಬಾಗಿಲಲ್ಲಿ. ತಮ್ಮನ ಒಪ್ಪಂದ ಆ ವರ್ಷಕ್ಕೆ ಮುಗಿಯುವುದಿತ್ತು. ಅವನು ಈ ಮತದಾನದ ವಿಷಯ ನಮಗೆ ತಿಳಿಸಿರಲಿಲ್ಲ. ಶಾಲೆಯ ಊಟದ ವಿರಾಮದಲ್ಲಿ ನನ್ನ ಕಣ್ಣಿಗೆ ತಾನಾಗಿ ಬಿತ್ತು. ಮತ ತೋರಿಸುವ ನಾಲ್ಕು ಗೆರೆಗಳಲ್ಲಿ ಗೆಳೆಯನದು ಪರದೆಯ ಆ ತುದಿಯವರೆಗೆ ಹೋಗಿತ್ತು. ತಮ್ಮನದು ಅಕ್ಕಿಕಾಳಿನಷ್ಟಿತ್ತು.

ನಾನು ಕೋಟದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಚುನಾವಣೆ ಕರ್ತವ್ಯ ಮಾಡಿ ಅನುಭವವಿದೆ, ಪ್ರಚಾರ ಮಾಡಿ ಗೊತ್ತಿರಲಿಲ್ಲ. ಆದರೂ ಅವತ್ತು ಸಂಜೆ ಬಸ್ಸಿನಲ್ಲಿ ಕೂತು ನಾಲ್ಕು ಸಾಲು ಬರೆದೆ: "ಇವನು ನನ್ನ ತಮ್ಮ. ಚಿಕ್ಕಂದಿನಿಂದ ಬಹಳ ಕಷ್ಟಪಟ್ಟು ಮೇಲೆ ಬಂದವನು. ತನ್ನ ಬಗ್ಗೆ ತಾನು ಹೇಳಿಕೊಳ್ಳುವವನಲ್ಲ. ದಯವಿಟ್ಟು ಅವನಿಗೊಂದು ಮತ ಕೊಡಿ." ಅದನ್ನು ಕ್ಲಬ್ಬಿನ ಪುಟದಲ್ಲಿ ಅವನ ಫೋಟೊದ ಕೆಳಗೆ ಹಾಕಿದೆ. ನಂತರ ನನಗೆ ಗೊತ್ತಿದ್ದ ಎಲ್ಲ ವಾಟ್ಸ್ಯಾಪ್ ಗುಂಪುಗಳಿಗೂ ಕಳಿಸಿದೆ. ಶಿಕ್ಷಕರದ್ದು, ಹಳೆ ವಿದ್ಯಾರ್ಥಿಗಳದ್ದು, ಭಜನಾ ಮಂಡಳಿಯದ್ದು, ಗಂಡನ ಕಡೆಯ ಕುಟುಂಬದ್ದು. "ಮತ ಹಾಕಿ, ಕೆಳಗೆ ನಾಲ್ಕು ಮಾತೂ ಬರೆಯಿರಿ" ಎಂದು ಕೇಳಿಕೊಂಡೆ.

ಬ್ರಹ್ಮಾವರದಲ್ಲಿ ನನ್ನ ಗಂಡನದು ಬಟ್ಟೆ ಅಂಗಡಿ. ಅವರು ಸೀರೆ ಬಿಡಿಸಿ ತೋರಿಸುವ ಮೊದಲೇ ಬಂದವರ ಫೋನ್ ತೆಗೆಸಿ ಮತ ಹಾಕಿಸಿದರು. ನಾನು ದಿನಾ ಹೋಗುವ ಬಸ್ಸಿನ ಕಂಡಕ್ಟರು ಬೈಂದೂರು ನಿಲ್ದಾಣದ ರಿಕ್ಷಾದವರಿಗೆಲ್ಲ ಹೇಳಿದರು. ಅಮ್ಮ ಚಿಕ್ಕಮ್ಮನನ್ನು ಕರೆದುಕೊಂಡು ಕಿರಿಮಂಜೇಶ್ವರದಲ್ಲಿ ಮನೆ ಮನೆಗೆ ಹೋದರು. ಅಮ್ಮನಿಗೆ ಫೋನಿನಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ಟರೆ ಬೇರೆ ಗೊತ್ತಿಲ್ಲ. "ನಮ್ ಮಾಣಿಗೊಂದ್ ಓಟ್ ಒತ್ತಿ" ಎನ್ನುತ್ತಿದ್ದರಂತೆ. ಒಂದು ಮನೆಯ ಯಜಮಾನರು, "ಅದೆಲ್ಲ ಇರ್ಲಿ ಮಾರಾಯ್ತಿ, ಪಾರ್ಟಿ ಯಾವ್ದ್?" ಎಂದು ಕೇಳಿದರಂತೆ. ಅಮ್ಮ ಅದನ್ನು ಫೋನಿನಲ್ಲಿ ಹೇಳುವಾಗ ಎಷ್ಟೋ ತಿಂಗಳ ಮೇಲೆ ಬಾಯಿ ತುಂಬ ನಕ್ಕರು.

ಮೂರನೆಯ ದಿನ ಅಕ್ಕಿಕಾಳು ಬೆರಳುದ್ದವಾಯಿತು. ಐದನೆಯ ದಿನ ಗೆಳೆಯನ ಗೆರೆಗೆ ಸಮನಾಗಿ ಬಂತು. ಆರನೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ತಮ್ಮ ಎಲ್ಲರಿಗಿಂತ ಮುಂದಿದ್ದ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ. ಶಾಲೆಯಲ್ಲಿ ಸಹೋದ್ಯೋಗಿಗಳು, "ಟೀಚರೇ, ಸ್ವೀಟ್ ಯಾವಾಗ?" ಎಂದರು.

ಮಧ್ಯಾಹ್ನದ ಹೊತ್ತಿಗೆ ಆ ಪುಟದ ಕೆಳಗೆ ಬೇರೆ ಭಾಷೆಯ ಜನ ಬರೆಯತೊಡಗಿದರು. ನಗುವ ಮುಖಗಳು, ಏನೇನೋ ಚಿತ್ರಗಳು. ಮೊದಲು ನನಗೆ ಅರ್ಥವಾಗಲಿಲ್ಲ. ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಕೆಳಗೆ ಕೆಳಗೆ ಓದುತ್ತಾ ಹೋದರು. ಆಮೇಲೆ ನಿಧಾನವಾಗಿ ಕೇಳಿದರು, "ನೀವು ಗುಂಪಿಗೆ ಕಳಿಸಿದ್ದನ್ನ ಯಾರೂ ಬದಲು ಮಾಡ್ಲಿಲ್ವಾ ಟೀಚರ್?"

ಬದಲು ಮಾಡಿರಲಿಲ್ಲ. ನಾಲ್ಕು ಮಾತು ಬರೆಯಿರಿ ಎಂದು ನಾನು ಕೇಳಿದ್ದೆ. ಜನ ಸುಲಭಕ್ಕೆಂದು ನನ್ನ ನಾಲ್ಕು ಸಾಲನ್ನೇ ಹಾಗೇ ಅಂಟಿಸಿದ್ದರು. ರಿಕ್ಷಾದವರು, ಬ್ರಹ್ಮಾವರದ ಗಿರಾಕಿಗಳು, ಭಜನಾ ಮಂಡಳಿಯ ಅಜ್ಜಿಯರು, ನನ್ನ ಹಳೆಯ ವಿದ್ಯಾರ್ಥಿಗಳು, ಎಲ್ಲರೂ ಒಂದೇ ಮಾತು ಬರೆದಿದ್ದರು: ಇವನು ನನ್ನ ತಮ್ಮ. ಚಿಕ್ಕಂದಿನಿಂದ ಬಹಳ ಕಷ್ಟಪಟ್ಟು ಮೇಲೆ ಬಂದವನು. ಪುಟಗಟ್ಟಲೆ ಅದೇ ಇತ್ತು. ಪ್ರತಿಯೊಂದರ ಕೆಳಗೂ ಅನುವಾದದ ಗುಂಡಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಯಾರೋ ಒತ್ತಿ ಓದಿದ್ದರು. "ಈ ಬಡಪಾಯಿಗೆ ಎಷ್ಟು ಜನ ಅಕ್ಕಂದಿರು?" ಎಂದು ಒಬ್ಬ ಕೇಳಿದ್ದ. ಇನ್ನೊಬ್ಬ ತಮ್ಮನ ಫೋಟೊಕ್ಕೆ ತೊಟ್ಟಿಲು ಜೋಡಿಸಿ, ಸುತ್ತ ನೂರು ಹೆಂಗಸರು ತೂಗುವ ಹಾಗೆ ಚಿತ್ರ ಮಾಡಿ, ಯಾರನ್ನೋ ಕೇಳಿಕೊಂಡು ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ "ಅಕ್ಕಾ" ಎಂದು ಬರೆದಿದ್ದ. ಅದನ್ನು ಸಾವಿರಾರು ಜನ ಹಂಚಿಕೊಂಡಿದ್ದರು.

ಏಳನೆಯ ದಿನ ಕ್ಲಬ್ಬಿನವರು ಮತದಾನವನ್ನೇ ತೆಗೆದುಹಾಕಿದರು. ಮತಗಳಲ್ಲಿ ಅನುಮಾನವಿದೆ ಎಂದು ಎರಡು ಸಾಲು ಬರೆದರು. ಯಾರ ಹೆಸರೂ ಇರಲಿಲ್ಲ. ಆದರೆ ಓದಿದವರಿಗೆಲ್ಲ ಗೊತ್ತಿತ್ತು.

ಅವತ್ತು ಸಂಜೆ ತಮ್ಮ ಫೋನ್ ಮಾಡಿದ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಅಕ್ಕ, ಯಾರ್ ಹೇಳ್ರ್ ನಿಂಗ್ ಇದೆಲ್ಲ ಮಾಡುಕೆ?"

"ಯಾರೂ ಹೇಳ್ಲಿಲ್ಲೆ. ನಿಂದ್ ಅಷ್ಟ್ ಸಣ್ಣ ಗೆರೆ ಇತ್ತ್. ಕಾಂಬುಕ್ ಆಯ್ಲಿಲ್ಲೆ ನಂಗೆ."

"ನಂಗ್ ಅದ್ ಗೊತ್ತಿತ್ತ್ ಅಕ್ಕ. ಪ್ರತಿ ವರ್ಷ ಅಷ್ಟೇ ಇರ್ತ್. ನಂಗ್ ಅಭ್ಯಾಸ ಆಯ್ತ್."

ನಾನು ಅಳಲು ಶುರುಮಾಡಿದೆ. ಅವನು "ಅಮ್ಮನಿಗ್ ಹೇಳ್ಬೇಡ" ಎಂದು ಫೋನ್ ಇಟ್ಟ.

ನಾನು ಬರೆದದ್ದನ್ನು ಅಳಿಸಿದೆ. ಅದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಆದರೆ ಬೇರೆಯವರು ಬರೆದದ್ದನ್ನು ಅವರವರೇ ಅಳಿಸಬೇಕು. ಮತ್ತೆ ಎಲ್ಲ ಗುಂಪುಗಳಿಗೂ ಕಳಿಸಿದೆ, ದಯವಿಟ್ಟು ತೆಗೆಯಿರಿ ಎಂದು. ಕೆಲವರು ತೆಗೆದರು. ಕೆಲವರು ಮತ್ತೆ ಮತ ಕೇಳುತ್ತಿದ್ದೇನೆಂದು ತಿಳಿದು ಕೈ ಮುಗಿದ ಚಿತ್ರ ಕಳಿಸಿದರು. ಬಸ್ಸಿನಲ್ಲಿ ಕಂಡಕ್ಟರನ್ನು ಕೇಳಿದೆ. ಅವರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಎಲ್ಲ್ ಬರ್ದದ್, ಎಂತ ಬರ್ದದ್ ಒಂದೂ ನೆನ್ಪಿಲ್ಲೆ ಟೀಚರ್. ಗೆದ್ರಾ ಅವ್ರ್?" ಎಂದರು. ಮುಖದಲ್ಲಿ ಎಷ್ಟು ಖುಷಿಯಿತ್ತೆಂದರೆ ನಾನು, "ಇನ್ನೂ ಗೊತ್ತಾಯ್ಲಿಲ್ಲೆ" ಎಂದುಬಿಟ್ಟೆ.

ಮುಂದಿನ ಶನಿವಾರ ಆಟವಿತ್ತು. ಅಮ್ಮನ ಜೊತೆ ಕೂತು ನೋಡಲು ಕಿರಿಮಂಜೇಶ್ವರಕ್ಕೆ ಹೋದೆ. ಹೋಗದಿದ್ದರೆ ಅಮ್ಮನಿಗೆ ಸಂಶಯ ಬರುತ್ತಿತ್ತು. ಆಟ ಶುರುವಾಗಿ ಹತ್ತು ನಿಮಿಷವಾಗಿರಬಹುದು. ತಮ್ಮನ ಕಾಲಿಗೆ ಚೆಂಡು ಬಂತು. ಒಂದು ಕಡೆಯ ಜನರೆಲ್ಲ ಒಟ್ಟಾಗಿ ಏನೋ ಕೂಗಿದರು. ಎರಡನೆಯ ಸಲ ಅವನಿಗೆ ಚೆಂಡು ಬಂದಾಗ ಸ್ಪಷ್ಟವಾಗಿ ಕೇಳಿತು. "ಅಕ್ಕಾ! ಅಕ್ಕಾ! ಅಕ್ಕಾ!"

ಕೂಗುತ್ತಿದ್ದವರು ಅವನ ಸ್ವಂತ ಕ್ಲಬ್ಬಿನ ಜನ. ನಮ್ಮ ಭಾಷೆಯ ಆ ಒಂದು ಪದ ಅವರೆಲ್ಲ ಕಲಿತುಬಿಟ್ಟಿದ್ದರು.

"ಎಂತ ಕೂಗುದ್ ಅವ್ರ್?" ಎಂದು ಅಮ್ಮ ಕಿವಿ ಮುಂದೆ ಮಾಡಿದರು.

"ಎಂತ ಇಲ್ಲೆ ಅಮ್ಮ. ಅವ್ರ್ ಭಾಷೆ."

"ಅಕ್ಕ ಅಂದಾಂಗ್ ಕೇಣ್ತ್ ನಂಗೆ."

"ಅವ್ರ್ ಭಾಷೆಯಲ್ ಅದಕ್ ಬೇರೆ ಅರ್ಥ ಇತ್ತ್."

ತಮ್ಮ ಮೊದಲರ್ಧ ಚೆನ್ನಾಗಿಯೇ ಆಡಿದ. ಅವನು ಕೊಟ್ಟ ಚೆಂಡಿನಿಂದಲೇ ಒಂದು ಗೋಲೂ ಆಯಿತು. ಹೊಡೆದವನನ್ನು ಎಲ್ಲರೂ ಅಪ್ಪಿಕೊಂಡರು, ಗೆಳೆಯ ಮಾತ್ರ ಓಡಿ ಬಂದು ತಮ್ಮನ ತಲೆ ನೇವರಿಸಿ ಹೋದ. ಎರಡನೆಯ ಅರ್ಧದಲ್ಲಿ ಒಂದು ಸುಲಭದ ಚೆಂಡನ್ನು ತಮ್ಮ ಎದುರಾಳಿಯ ಕಾಲಿಗೇ ಕೊಟ್ಟ. ಅಂಥದ್ದು ಯಾರಿಗಾದರೂ ಆಗುತ್ತದೆ. ಆದರೆ ಆ ಕೂಗು ಎರಡು ಪಟ್ಟಾಯಿತು. ಸ್ವಲ್ಪ ಹೊತ್ತಿಗೆ ಕೋಚ್ ಅವನನ್ನು ಹೊರಗೆ ಕರೆದ. ತಮ್ಮ ತಲೆ ತಗ್ಗಿಸದೆ, ಯಾರ ಕಡೆಯೂ ನೋಡದೆ ನಡೆದು ಬಂದು ಬೆಂಚಿನ ತುದಿಯಲ್ಲಿ ಕೂತ. ಕ್ಯಾಮೆರಾ ಅವನನ್ನೇ ತೋರಿಸುತ್ತಿತ್ತು. ಇಷ್ಟು ವರ್ಷಗಳಲ್ಲಿ ಅಷ್ಟು ಹೊತ್ತು ಅವನನ್ನು ತೋರಿಸಿದ್ದು ಅದೇ ಮೊದಲು. "ಕಾಣ್, ಎಷ್ಟ್ ಹತ್ರದಿಂದ ತೋರ್ಸ್ತ್ರ್" ಎಂದರು ಅಮ್ಮ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಎರಡು ದಿನ ಬಿಟ್ಟು ಗೆಳೆಯನೇ ನನಗೆ ಫೋನ್ ಮಾಡಿದ. ನನ್ನ ಮುಂಬಯಿಯ ಹಿಂದಿ ಇನ್ನೂ ಪೂರ್ತಿ ಮರೆತಿಲ್ಲ. "ದೀದಿ, ನೀವು ಬೇಜಾರು ಮಾಡಿಕೊಳ್ಳಬೇಡಿ. ನಾನು ಸರಿಮಾಡುತ್ತೇನೆ" ಎಂದ. ಅವತ್ತೇ ಒಂದು ವಿಡಿಯೊ ಹಾಕಿದ. "ನನ್ನ ಗೆಳೆಯ ನನಗಿಂತ ಒಳ್ಳೆಯ ಆಟಗಾರ, ನಾನು ಕುಣಿಯುವಷ್ಟು ಹೊತ್ತೂ ಅವನು ಓಡುತ್ತಿರುತ್ತಾನೆ, ಅವನನ್ನೂ ಅವನ ಅಕ್ಕನನ್ನೂ ಗೇಲಿ ಮಾಡುವವರು ನನ್ನ ಅಭಿಮಾನಿಗಳೇ ಅಲ್ಲ" ಎಂದು ಕಣ್ಣು ತುಂಬಿಕೊಂಡು ಹೇಳಿದ. ಸುಳ್ಳು ಅಳುವಲ್ಲ ಅದು. ನಮ್ಮ ಮನೆಯಲ್ಲಿ ಉಂಡು ಹೋದ ಹುಡುಗ, ನನಗೆ ಗೊತ್ತು.

ಆ ವಿಡಿಯೊ ಎಲ್ಲ ಕಡೆ ಹರಡಿತು. ಕೆಳಗೆ ಜನ ಬರೆದದ್ದನ್ನು ಒಂದೊಂದಾಗಿ ಓದಿದೆ. ಎಂಥ ದೊಡ್ಡ ಮನಸ್ಸು. ಇಂಥ ಗೆಳೆಯ ಸಿಗಲು ಪುಣ್ಯ ಮಾಡಿರಬೇಕು. ಆಟದಲ್ಲೂ ರಾಜ, ಗುಣದಲ್ಲೂ ರಾಜ. ಎಲ್ಲವೂ ಆ ಗೆಳೆಯನನ್ನು ಹೊಗಳಿ ಬರೆದದ್ದು. ನನ್ನ ತಮ್ಮನ ಆಟದ ಬಗ್ಗೆ ಒಂದು ಮಾತಾದರೂ ಇದೆಯೇ ಎಂದು ಹುಡುಕಿದೆ. ಬೆರಳು ನೋಯುವವರೆಗೆ ಹುಡುಕಿ ಕೊನೆಗೆ ಬಿಟ್ಟೆ. ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಲೂ ದಾರಿಯಿರಲಿಲ್ಲ.

ಏಪ್ರಿಲ್‌ನಲ್ಲಿ ಕ್ಲಬ್ಬು ತಮ್ಮನ ಒಪ್ಪಂದ ಮುಂದುವರಿಸಲಿಲ್ಲ. ಗೆಳೆಯನಿಗೆ ಇನ್ನೂ ಮೂರು ವರ್ಷ ಸಿಕ್ಕಿತು. ತಮ್ಮ ಊರಿಗೆ ಬಂದು ಒಂದು ತಿಂಗಳಿದ್ದ. ಬೆಳಿಗ್ಗೆ ಬೇಗ ಎದ್ದು ಕಡಲ ಬದಿ ಓಡಿ ಬರುತ್ತಿದ್ದ, ಅಮ್ಮನಿಗೆ ತೆಂಗಿನಕಾಯಿ ಸುಲಿದು ಕೊಡುತ್ತಿದ್ದ, ಮಧ್ಯಾಹ್ನ ಮಲಗುತ್ತಿದ್ದ. ನಾನು ಭಾನುವಾರ ಹೋದಾಗೆಲ್ಲ ಆ ಮಾತು ತೆಗೆಯಬೇಕೆಂದುಕೊಂಡು ಹೋಗುತ್ತಿದ್ದೆ, ತೆಗೆಯದೆ ಬರುತ್ತಿದ್ದೆ.

ಅವನು ಹೊರಟ ದಿನ ಬೈಂದೂರು ಸ್ಟೇಶನ್ನಿಗೆ ನಾನೊಬ್ಬಳೇ ಬಿಡಲು ಹೋದೆ. ದೂರದ ಗುಡ್ಡಗಾಡಿನ ರಾಜ್ಯವೊಂದರಲ್ಲಿ, ಕೆಳಗಿನ ಲೀಗಿನ ಒಂದು ಸಣ್ಣ ಕ್ಲಬ್ಬು ಅವನನ್ನು ತೆಗೆದುಕೊಂಡಿತ್ತು. ರೈಲು ಅರ್ಧ ಗಂಟೆ ತಡ. ಕಲ್ಲುಬೆಂಚಿನ ಮೇಲೆ ಕೂತಿದ್ದೆವು.

"ನನ್ನಿಂದ ಆಯ್ತಾ?" ಎಂದು ಕೇಳಿದೆ. "ಸಮ ಹೇಳ್. ಆ ಓಟಿನ ಗಲಾಟೆ ಇಲ್ದಿದ್ರೆ ಇಟ್ಕಂತಿದ್ರಾ?"

"ಅದ್ರಿಂದ ಅಲ್ಲ ಅಕ್ಕ."

"ಕೋಚ್ ಎಂತ ಹೇಳ್ರ್?"

"ನಿನ್ನ ಆಟದಲ್ ಒಂದೂ ಕೊರತಿ ಇಲ್ಲೆ ಅಂದ್ರ್. ಅಂಗಿ ಮಾರುವರ್, ಜಾಹೀರಾತ್ ತರುವರ್ ಬೇರೆ ಇದ್ರಲೆ. ಅವ್ರಿಗ್ ಜನ ಗುರ್ತ್ ಹಿಡಿಯುವ ಮುಖ ಬೇಕ್."

"ಈಗ ನಿನ್ ಮುಖ ಎಲ್ಲರಿಗೂ ಗುರ್ತಾಯ್ತ್" ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಅವನು ಸ್ವಲ್ಪ ನಕ್ಕ. ಆಮೇಲೆ ಇಬ್ಬರಿಗೂ ನಗಲಾಗಲಿಲ್ಲ.

ರೈಲು ಬಂತು. ಅವನು ಚೀಲ ಹೆಗಲಿಗೇರಿಸಿಕೊಂಡು ನನ್ನ ಕೈ ಒಮ್ಮೆ ಗಟ್ಟಿಯಾಗಿ ಹಿಡಿದು, "ಬಿಡ್ ಅಕ್ಕ. ಅಮ್ಮನ್ನ ಕಾಣ್ಕೊ. ಬತ್ತೆ" ಎಂದು ಹತ್ತಿದ. ಅವನು ಹೇಳಿದ್ದು ನಿಜವೋ, ನನ್ನ ಮನಸ್ಸಿಗೆ ನೋವಾಗದಿರಲೆಂದು ಹೇಳಿದ್ದೋ, ಇವತ್ತಿಗೂ ನನಗೆ ತಿಳಿದಿಲ್ಲ. ಕೇಳಬಹುದಾದ ಬೇರೆ ಯಾರೂ ಇಲ್ಲ.

ಅಲ್ಲಿಯ ಆಟಗಳು ಟಿ.ವಿ.ಯಲ್ಲಿ ಬರುವುದಿಲ್ಲ. ಆಟ ಮುಗಿದಮೇಲೆ ಫೋನಿನಲ್ಲಿ ಫಲಿತಾಂಶ ಬರುತ್ತದೆ, ಇಷ್ಟಕ್ಕೆ ಇಷ್ಟು ಎಂದು. ಅದರ ಕೆಳಗೆ ಗೋಲು ಹೊಡೆದವರ ಹೆಸರು ಮಾತ್ರ ಇರುತ್ತದೆ. ಅವನು ಮೈದಾನದಲ್ಲಿದ್ದನೋ ಬೆಂಚಿನ ಮೇಲಿದ್ದನೋ ಅದರಿಂದ ಗೊತ್ತಾಗುವುದಿಲ್ಲ. ಸಂಜೆ ಅಮ್ಮ ಎರಡು ಸಲ ಫೋನ್ ಮಾಡುತ್ತಾರೆ. "ಅವ ಆಡ್ನಾ?" ಎಂದು ಕೇಳುತ್ತಾರೆ. "ತಡಿ ಅಮ್ಮ, ಇನ್ನೂ ಗೊತ್ತಾಯ್ಲಿಲ್ಲೆ" ಎನ್ನುತ್ತೇನೆ. ಅಂಗಡಿ ಮುಚ್ಚಿ ಗಂಡ ಮನೆಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಅವನ ಸಂದೇಶ ಬರುತ್ತದೆ. ಒಂದೇ ಪದ ಇರುತ್ತದೆ. ಆಡಿದ್ದರೆ "ಆಡ್ದೆ" ಎಂದು, ಇಲ್ಲದಿದ್ದರೆ "ಇಲ್ಲೆ" ಎಂದು. ಹೋದ ವಾರ ಎರಡೂ ಬರಲಿಲ್ಲ. ನಾನು ಕೇಳಲೂ ಇಲ್ಲ.